ಡಿಸ್ಕ್ ಜಾರಿದ ಸೈನಿಕನಿಗೆ ಡಿಸೆಬಿಲಿಟಿ ಪಿಂಚಣಿ: ಬೋರ್ಡಿನ ಆ ಒಂದು ಕಾಲಂ ಮೊದಲು ಓದಿ

ಪ್ರಶ್ನೆ: ನಮ್ಮದು ಹಾಸನ ಜಿಲ್ಲೆ ಆಲೂರು ತಾಲ್ಲೂಕಿನ ಒಂದು ಹಳ್ಳಿ. ನಮ್ಮ ಯಜಮಾನರು ಸೇನೆಗೆ ಸರಕು ಸಾಗಿಸುವ ಎಎಸ್‌ಸಿ ವಿಭಾಗದಲ್ಲಿ ಡ್ರೈವರ್ ಆಗಿದ್ದರು. 1995ರಲ್ಲಿ ಸೇರಿ 2019ರಲ್ಲಿ ಹವಾಲ್ದಾರ್ ಆಗಿ ನಿವೃತ್ತರಾದರು. 2012ರಲ್ಲಿ ಲಡಾಖ್‌ನಲ್ಲಿ ಗಾಡಿಗೆ ಡೀಸೆಲ್ ಬ್ಯಾರೆಲ್ ಏರಿಸುವಾಗ ಸೊಂಟ ಹಿಡಿದು ಅಲ್ಲೇ ಕುಸಿದರಂತೆ. ಮಿಲಿಟರಿ ಆಸ್ಪತ್ರೆಯಲ್ಲಿ ಸೊಂಟದ ಎಲ್4–ಎಲ್5 ಡಿಸ್ಕ್ ಜಾರಿದೆ ಎಂದು ಹೇಳಿ ಕೆಳಗಿನ ಮೆಡಿಕಲ್ ಕ್ಯಾಟಗರಿ ಹಾಕಿದರು. ನಿವೃತ್ತಿಯ ಮೆಡಿಕಲ್ ಬೋರ್ಡಿನಲ್ಲಿ 20 ಪರ್ಸೆಂಟ್ ವಿಕಲತೆ ಕೊಟ್ಟು, ಸರ್ವೀಸಿಗೂ ಇದಕ್ಕೂ ಸಂಬಂಧವಿಲ್ಲ ಎಂದು ಬರೆದರು. ಪಿಂಚಣಿ ಅರ್ಜಿ ತಿರಸ್ಕಾರವಾಯಿತು, ನಾವೂ ಸುಮ್ಮನಾದೆವು. ಈಗ ಮೆಣಸು ಕುಯ್ಯಲು ಏಣಿ ಹತ್ತಲಾಗುತ್ತಿಲ್ಲ, ಬಲಗಾಲು ಜೋಮು ಹಿಡಿಯುತ್ತದೆ. ಹಾಸನದಲ್ಲಿ ಹೊಸ ಎಂಆರ್‌ಐ ಮಾಡಿಸಿದ್ದೇವೆ. ಅದನ್ನಿಟ್ಟು ಮತ್ತೆ ಅರ್ಜಿ ಹಾಕಬಹುದೇ? ಜಿಲ್ಲಾಸ್ಪತ್ರೆಯಿಂದ ಅಂಗವಿಕಲರ ಸರ್ಟಿಫಿಕೇಟ್ ತಂದರೆ ಸಾಕೇ? ಒಬ್ಬರು ಎಲ್ಲ ಮಾಡಿಸಿಕೊಡುತ್ತೇನೆಂದು 40,000 ರೂಪಾಯಿ ಕೇಳುತ್ತಿದ್ದಾರೆ. ನನ್ನ ಅಕ್ಕನ ಮಗ ಅಗ್ನಿವೀರನಾಗಿದ್ದಾನೆ, ಅವನಿಗೂ ಇದೇ ನಿಯಮವೇ?

ಉತ್ತರ:

ತಂಗಿ, ಮೊದಲು ಆ 40,000 ರೂಪಾಯಿಯನ್ನು ಮನೆಯಲ್ಲೇ ಇಟ್ಟುಕೊಳ್ಳಿ. ಅವರು ಮಾಡಿಸಿಕೊಡುತ್ತೇನೆ ಎನ್ನುವ ಕೆಲಸದ ಮೊದಲ ಅರ್ಧ ಭಾಗವನ್ನು ನೀವಿಬ್ಬರೇ ಅಂಚೆ ಖರ್ಚಿನಲ್ಲಿ ಮಾಡಬಹುದು. ಹಾಸನದ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿ ಇರುವುದೇ ಇಂಥ ಕೆಲಸಕ್ಕೆ. ಅಲ್ಲಿ ಅರ್ಜಿ ಬರೆಸಲು, ಮುಂದಕ್ಕೆ ಕಳಿಸಲು ದುಡ್ಡು ಕೊಡಬೇಕಿಲ್ಲ. 2025ರ ಜುಲೈನಲ್ಲಿ ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರವು ವೀರ ಪರಿವಾರ ಸಹಾಯತಾ ಯೋಜನೆ ಆರಂಭಿಸಿತು. ಜಿಲ್ಲಾ ಸೈನಿಕ ಕಚೇರಿಗಳಲ್ಲೇ ಸೈನಿಕರಿಗೆ, ಮಾಜಿ ಸೈನಿಕರಿಗೆ, ಅವರ ಮನೆಯವರಿಗೆ ಉಚಿತ ಕಾನೂನು ನೆರವು ಸಿಗಬೇಕು ಎಂಬುದು ಅದರ ಉದ್ದೇಶ. ವಕೀಲರು ಬೇಕಾದಾಗ ಆ ಬಾಗಿಲನ್ನು ಮೊದಲು ತಟ್ಟಿ.

ಈಗ ಮುಖ್ಯ ವಿಷಯ. ನಾನು ಸೇನೆಯಲ್ಲಿ ಕ್ಲರ್ಕ್ ಆಗಿದ್ದವನು, ಸರ್ವೀಸಿನ ಬಹುಭಾಗ ದಾಖಲೆ ಕಚೇರಿಯ ಟೇಬಲ್ಲಿನ ಮುಂದೆಯೇ ಕಳೆದೆ. ನಿಮ್ಮವರಿಗೆ ಬಂದಂಥ ತಿರಸ್ಕಾರ ಪತ್ರಗಳನ್ನು ನನ್ನ ಕೈಯಾರೆ ಟೈಪ್ ಮಾಡಿದ್ದೇನೆ. ‘ಸೇನಾ ಸೇವೆಯಿಂದ ಉಂಟಾದುದೂ ಅಲ್ಲ, ಉಲ್ಬಣಿಸಿದುದೂ ಅಲ್ಲ’ ಎಂಬ ಆ ಒಂದು ಸಾಲು ಎಷ್ಟು ಮನೆಗಳಿಗೆ ಹೋಯಿತೋ, ನೆನೆದರೆ ಇವತ್ತಿಗೂ ಸಂಕಟವಾಗುತ್ತದೆ. ಯಾಕೆಂದರೆ ಆ ಸಾಲಿನ ಹಿಂದೆ ಬೋರ್ಡು ಕಾರಣ ಬರೆದಿದೆಯೇ ಇಲ್ಲವೇ ಎಂದು ನಾವು ಯಾರೂ ನೋಡುತ್ತಿರಲಿಲ್ಲ. ನಿಮ್ಮ ಇಡೀ ಪ್ರಕರಣ ನಿಂತಿರುವುದು ಆ ಕಾರಣದ ಮೇಲೆ. ನೋವು ಎಷ್ಟಿದೆ ಎಂಬುದರ ಮೇಲೆ ಅಲ್ಲ, ಹೊಸ ಎಂಆರ್‌ಐ ಮೇಲೆಯೂ ಅಲ್ಲ.

ಡಿಸೆಬಿಲಿಟಿ ಪಿಂಚಣಿಗೆ ಎರಡು ಬಾಗಿಲು ದಾಟಬೇಕು. ವಿಕಲತೆ ಶೇ 20 ಅಥವಾ ಅದಕ್ಕಿಂತ ಹೆಚ್ಚಿರಬೇಕು, ಮತ್ತು ಅದು ಸೇವೆಯಿಂದಲೇ ಬಂದಿರಬೇಕು ಅಥವಾ ಸೇವೆಯಿಂದಾಗಿ ಉಲ್ಬಣಿಸಿರಬೇಕು. ನಿಮ್ಮ ಯಜಮಾನರು ಮೊದಲ ಬಾಗಿಲನ್ನು 2019ರಲ್ಲೇ ದಾಟಿದ್ದಾರೆ. ಅದನ್ನು ಸೇನೆಯ ವೈದ್ಯರೇ ಬರೆದುಕೊಟ್ಟಿದ್ದಾರೆ. ಎರಡನೆಯ ಬಾಗಿಲು ಮಾತ್ರ ಮುಚ್ಚಿದೆ. ಹಾಗಿರುವಾಗ ಮೊದಲ ಬಾಗಿಲಿನ ಹತ್ತಿರ ಹೋಗಿ ಮತ್ತೆ ಬಡಿಯುವುದರಲ್ಲಿ ಅರ್ಥವಿಲ್ಲ. ಹೊಸ ಎಂಆರ್‌ಐ ಇಟ್ಟು ಹೊಸ ಅರ್ಜಿ ಹಾಕಿದರೆ ಆಗುವುದು ಅದೇ.

ಅಷ್ಟೇ ಅಲ್ಲ, ಆ ಫಿಲ್ಮು ನಿಮಗೇ ತಿರುಗಿ ಬೀಳಬಹುದು. ಎರಡು ಬೆನ್ನೆಲುಬುಗಳ ನಡುವೆ ಇರುವ ಡಿಸ್ಕ್ ಎಂದರೆ ಹೊರಗೆ ಗಟ್ಟಿ ನಾರಿನ ಸುತ್ತು, ಒಳಗೆ ಮೆತ್ತನೆಯ ತಿರುಳು. ಬಗ್ಗಿ ಭಾರ ಎತ್ತಿದಾಗ ಆ ಸುತ್ತು ಸೀಳಿ ತಿರುಳು ಹಿಂದಕ್ಕೆ ಚಾಚಿ ನರವನ್ನು ಒತ್ತುತ್ತದೆ. ಸೊಂಟದ ನೋವು ತೊಡೆಯ ಹಿಂಭಾಗದಿಂದ ಕಾಲಿಗೆ ಇಳಿಯುವುದು ಅದಕ್ಕೇ. ಆದರೆ ವಯಸ್ಸಾದಂತೆ ಡಿಸ್ಕ್ ತಾನಾಗಿಯೂ ಒಣಗಿ ಸವೆಯುತ್ತದೆ. 40 ದಾಟಿದ, ಯಾವ ನೋವೂ ಇಲ್ಲದ ಎಷ್ಟೋ ಜನರ ಎಂಆರ್‌ಐನಲ್ಲಿ ಡಿಸ್ಕ್ ಉಬ್ಬಿರುವುದು ಕಾಣುತ್ತದೆ. ಈಗಿನ ಫಿಲ್ಮು ನೋಡಿದವರು ‘ವಯಸ್ಸಿನ ಸವೆತ, ಮೇಲಾಗಿ ತೋಟದ ಕೆಲಸ’ ಎಂದು ಬರೆದುಬಿಟ್ಟರೆ ನೀವೇ ಅವರ ಕೈಗೆ ಕೋಲು ಕೊಟ್ಟಂತೆ. ನಮ್ಮ ಆಲೂರು, ಸಕಲೇಶಪುರದ ಕಡೆ ಪಿಂಚಣಿ ಬಂದ ಮೇಲೂ ತೋಟದಲ್ಲಿ ದುಡಿಯದ ಮಾಜಿ ಸೈನಿಕ ಯಾರಿದ್ದಾರೆ ಹೇಳಿ! ಅದಕ್ಕೇ ನಿಮಗೆ ಬಲ ಕೊಡುವುದು 2012ರ ಕಾಗದ. ಹೊಸ ಫಿಲ್ಮು ಚಿಕಿತ್ಸೆಗೆ ಇರಲಿ.

ಜಿಲ್ಲಾಸ್ಪತ್ರೆಯ ಸರ್ಟಿಫಿಕೇಟಿನ ವಿಷಯವೂ ಹೀಗೇ. ಹಾಸನದ ಹಿಮ್ಸ್ ಆಸ್ಪತ್ರೆಯಲ್ಲಿ ಕೊಡುವುದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪ್ರಕಾರ. ಅಲ್ಲಿ ಶೇ 40 ಇದ್ದರೆ ಯುಡಿಐಡಿ ಎಂಬ ಅಂಗವಿಕಲರ ಗುರುತಿನ ಕಾರ್ಡಿನ ಮೇಲೆ ಬೇರೆ ಸವಲತ್ತುಗಳು ಸಿಗುತ್ತವೆ, ಅರ್ಹತೆ ಇದ್ದರೆ ಅದನ್ನು ಖಂಡಿತ ಮಾಡಿಸಿ. ಆದರೆ ಅದು ಸೇನೆಯ ಮೆಡಿಕಲ್ ಬೋರ್ಡಿನ ಜಾಗದಲ್ಲಿ ನಿಲ್ಲುವುದಿಲ್ಲ. ಎರಡರ ಅಳತೆಗೋಲೇ ಬೇರೆ.

ಹಾಗಾದರೆ ಎಲ್ಲಿಂದ ಶುರು ಮಾಡಬೇಕು? ಕಾಗದದಿಂದ. ನಿಮ್ಮ ಯಜಮಾನರ ಹೆಸರಿನಲ್ಲೇ ಅವರ ದಾಖಲೆ ಕಚೇರಿಗೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಿ, ಜೊತೆಗೆ 10 ರೂಪಾಯಿಯ ಪೋಸ್ಟಲ್ ಆರ್ಡರ್. ಡಿಸ್ಚಾರ್ಜ್ ಬುಕ್ಕಿನಲ್ಲಿ ದಾಖಲೆ ಕಚೇರಿಯ ಹೆಸರು, ಅವರ ಆರ್ಮಿ ನಂಬರು ಇರುತ್ತದೆ. ಉತ್ತರ 30 ದಿನದೊಳಗೆ ಬರಬೇಕು. ಕೇಳಬೇಕಾದ ಕಾಗದಗಳನ್ನು ಹೆಸರು ಹಿಡಿದೇ ಕೇಳಿ: ಸೇರುವಾಗಿನ ವೈದ್ಯಕೀಯ ಪರೀಕ್ಷೆಯ ಹಾಳೆ, 2012ರ ಆಸ್ಪತ್ರೆಯ ದಾಖಲಾತಿ ಮತ್ತು ಬಿಡುಗಡೆ ಪತ್ರ, ಇಂಜುರಿ ರಿಪೋರ್ಟ್ ಆಗಿದ್ದರೆ ಅದರ ಐಎಎಫ್‌ವೈ-2006 ನಮೂನೆ, ಕ್ಯಾಟಗರಿ ಹಾಕಿದ ಪ್ರತಿ ಬೋರ್ಡಿನ ಎಎಫ್‌ಎಂಎಸ್‌ಎಫ್-15, ನಿವೃತ್ತಿಯ ಬೋರ್ಡಿನ ಎಎಫ್‌ಎಂಎಸ್‌ಎಫ್-16, ಪೋಸ್ಟಿಂಗ್‌ಗಳ ವಿವರ, ತಿರಸ್ಕಾರ ಪತ್ರ. ‘ನನ್ನ ಮೆಡಿಕಲ್ ದಾಖಲೆ ಕೊಡಿ’ ಎಂದಷ್ಟೇ ಬರೆದರೆ ಎರಡು ಹಾಳೆ ಕಳಿಸಿ ಕೈತೊಳೆದುಕೊಳ್ಳುವುದುಂಟು.

ಕಾಗದ ಬಂದ ಮೇಲೆ ಓದುವ ಕ್ರಮವಿದೆ. ಮೊದಲು 1995ರ ಹಾಳೆ. ಸೇರುವಾಗ ಬೆನ್ನಿನ ಬಗ್ಗೆ ಏನಾದರೂ ಟಿಪ್ಪಣಿ ಇದೆಯೇ? ಇರುವುದಿಲ್ಲ, ಇದ್ದಿದ್ದರೆ ಸೇರಿಸಿಕೊಳ್ಳುತ್ತಲೇ ಇರಲಿಲ್ಲ. ಆಮೇಲೆ ಎಎಫ್‌ಎಂಎಸ್‌ಎಫ್-16. ಅದರಲ್ಲಿ ರೋಗ ಮೊದಲು ಎಲ್ಲಿ, ಯಾವಾಗ ಕಾಣಿಸಿತು ಎಂಬ ಕಾಲಂ ಇರುತ್ತದೆ. ಅಲ್ಲಿ ಲಡಾಖ್‌ನ ಜಾಗದ ಹೆಸರೂ 2012 ಎಂಬ ವರ್ಷವೂ ಇದೆಯೇ ನೋಡಿ. ನಂತರ, ಸೇವೆಯಿಂದ ಉಂಟಾಗಿಲ್ಲ, ಉಲ್ಬಣಿಸಿಲ್ಲ ಎಂದು ಬರೆದ ಕಾಲಂನ ಪಕ್ಕದಲ್ಲಿ ಏನು ಕಾರಣ ಕೊಟ್ಟಿದ್ದಾರೆ ನೋಡಿ. ನಾನು ಕಂಡ ಬೆನ್ನಿನ ಪ್ರಕರಣಗಳಲ್ಲಿ ಸಾಮಾನ್ಯವಾಗಿ ಇರುವುದು ಮೂರೇ ಬಗೆ: ‘ಶರೀರ ಪ್ರಕೃತಿಯಿಂದ ಬಂದದ್ದು’, ‘ವಯೋಸಹಜ ಸವೆತ’, ‘ಪೀಸ್ ಸ್ಟೇಷನ್ನಿನಲ್ಲಿ (ಗಡಿಯ ಕಷ್ಟವಿಲ್ಲದ ಶಾಂತ ನೆಲೆಯಲ್ಲಿ) ಕಾಣಿಸಿದ್ದು’. ನಿಮ್ಮವರದು ಲಡಾಖ್ ಆದ್ದರಿಂದ ಮೂರನೆಯದು ಬರೆಯಲು ಬರುವುದಿಲ್ಲ. ಮೊದಲೆರಡರಲ್ಲಿ ಒಂದನ್ನು ಬರೆದಿದ್ದರೆ ಅದು ಕಾರಣವಲ್ಲ, ಬರೀ ಹಣೆಪಟ್ಟಿ.

ಇದು ನನ್ನೊಬ್ಬನ ಮಾತಲ್ಲ. 2013ರ ಜುಲೈ 2ರಂದು ಧರಮ್‌ವೀರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಹೇಳಿತು. ಅವರು 1985ರಲ್ಲಿ ಸೇನೆಯ ಸಂಪರ್ಕ ವಿಭಾಗವಾದ ಸಿಗ್ನಲ್ಸ್ ಸೇರಿದ ಸಿಪಾಯಿ. ಒಂಬತ್ತು ವರ್ಷದ ಬಳಿಕ ಮೂರ್ಛೆರೋಗವೆಂದು ಶೇ 20ರ ವಿಕಲತೆಯೊಂದಿಗೆ ಮನೆಗೆ ಕಳಿಸಿದರು, ಪಿಂಚಣಿ ನಿರಾಕರಿಸಿದರು. ಸೇರುವಾಗ ಟಿಪ್ಪಣಿ ಇಲ್ಲದಿದ್ದರೆ ಆತ ಆರೋಗ್ಯವಂತನಾಗಿಯೇ ಬಂದನೆಂದು ಭಾವಿಸಬೇಕು. ಆಮೇಲೆ ಆರೋಗ್ಯ ಕೆಟ್ಟರೆ ಅದು ಸೇವೆಯಿಂದಲ್ಲ ಎಂದು ತೋರಿಸುವ ಹೊಣೆ ಸೇನೆಯದು. ಸಂಶಯ ಉಳಿದರೆ ಅದರ ಲಾಭ ಸೈನಿಕನಿಗೆ. ಬೋರ್ಡು ಕಾರಣ ಬರೆಯಲೇಬೇಕು. ಇಷ್ಟನ್ನು ಆ ತೀರ್ಪು ಖಚಿತಪಡಿಸಿತು.

ಒಂದು ಎಚ್ಚರಿಕೆಯನ್ನೂ ಹೇಳದಿದ್ದರೆ ತಪ್ಪಾಗುತ್ತದೆ. ಆ ತೀರ್ಪು 1982ರ ಅರ್ಹತಾ ನಿಯಮಗಳನ್ನು ಆಧರಿಸಿದ್ದು. ನಿಮ್ಮವರು 2019ರಲ್ಲಿ ಬಂದವರಾದ್ದರಿಂದ ಅವರಿಗೆ 2008ರ ನಿಯಮಗಳು. ಮಾತುಗಳು ಸ್ವಲ್ಪ ಬದಲಾಗಿವೆ ಎಂದು ಸರ್ಕಾರದ ವಕೀಲರು ವಾದಿಸುತ್ತಾರೆ. ಬೋರ್ಡಿನ ಅಭಿಪ್ರಾಯವನ್ನೇ ಎತ್ತಿಹಿಡಿದು ಸೈನಿಕನಿಗೆ ಪಿಂಚಣಿ ಇಲ್ಲವೆಂದ ತೀರ್ಪುಗಳೂ ಇವೆ, 2019ರ ನರಸಿಂಗ್ ಯಾದವ್ ಪ್ರಕರಣದಂತೆ. ಅದು ಮನೋರೋಗದ ವಿಷಯ. ನಿಮ್ಮದು ಭಾರ ಎತ್ತುವಾಗ ಕುಸಿದ ಬೆನ್ನು. ಅಲ್ಲದೆ 2008ರ ನಿಯಮಗಳಲ್ಲೂ ಸಾಮಾನ್ಯವಾಗಿ ಅರ್ಜಿದಾರನನ್ನು ಸಾಕ್ಷ್ಯ ತಾ ಎಂದು ಕೇಳುವಂತಿಲ್ಲ. ಎತ್ತರದ ಪ್ರದೇಶ, ಫೀಲ್ಡ್, ವಿಪರೀತ ಹವೆ ಇಂಥ ಕಡೆ ಕೆಲಸ ಮಾಡಿ ರೋಗ ಬೇಗ ಬಂದರೆ ಅಥವಾ ಹೆಚ್ಚಾದರೆ ಅದು ಉಲ್ಬಣ ಎಂದು ಆ ನಿಯಮವೇ ಹೇಳುತ್ತದೆ. 1982ರ ನಿಯಮಗಳ ಅನುಬಂಧದಲ್ಲಿ ತರಬೇತಿ, ಮಾರ್ಚಿಂಗ್, ಬಹಳ ಹೊತ್ತು ನಿಲ್ಲುವುದರಿಂದ ಬಾಧಿಸುವ ಕಾಯಿಲೆಗಳ ಪಟ್ಟಿಯಲ್ಲಿ ಬೆನ್ನುಮೂಳೆಯ ಮತ್ತು ಕಾಲಿನ ಕೀಲುಗಳ ಸವೆತವೂ ಇತ್ತು. ಅಂದರೆ ಬೆನ್ನಿನ ಸವೆತಕ್ಕೂ ಸಿಪಾಯಿಯ ಕೆಲಸಕ್ಕೂ ನಂಟಿದೆ ಎಂಬುದನ್ನು ಸರ್ಕಾರವೇ ಹಿಂದೆ ಬರೆದಿಟ್ಟಿದೆ. ಮೇಲ್ಮನವಿಯಲ್ಲಿ ಈ ಮಾತು ಎತ್ತಿ.

ಇಂಜುರಿ ರಿಪೋರ್ಟ್ ಆಗಿರಲಿಕ್ಕಿಲ್ಲ ಎಂಬುದು ನನ್ನ ಊಹೆ. ಕೈಕಾಲು ಮುರಿದರೆ ಮಾಡುತ್ತಾರೆ, ಸೊಂಟ ಹಿಡಿದರೆ ಬ್ರೂಫೆನ್ ಕೊಟ್ಟು ಎರಡು ದಿನ ಲೈಟ್ ಡ್ಯೂಟಿ ಬರೆಯುತ್ತಾರೆ. ಹಾಗಾಗಿದ್ದರೂ ಎದೆಗುಂದಬೇಡಿ. ಅದೇ ವಾರದ ಆಸ್ಪತ್ರೆಯ ಹಾಳೆಯಲ್ಲಿ ‘ಭಾರ ಎತ್ತುವಾಗ ಶುರುವಾಯಿತು’ ಎಂಬ ಒಂದು ವಾಕ್ಯವಿದ್ದರೆ ಅದು ಚಿನ್ನ. ಇಲ್ಲದಿದ್ದರೆ ಜೊತೆಗಿದ್ದವರ ಹೇಳಿಕೆಗಳನ್ನು ಬರೆಸಿ: ಅವತ್ತು ಯಾರ ಜೊತೆ ಬ್ಯಾರೆಲ್ ಏರಿಸುತ್ತಿದ್ದರು, ಯಾರು ಹಿಡಿದೆತ್ತಿ ಕೂರಿಸಿದರು, ಯಾರ ಗಾಡಿಯಲ್ಲಿ ಆಸ್ಪತ್ರೆಗೆ ಹೋದರು. ಎಎಸ್‌ಸಿ ಡ್ರೈವರ್‌ನ ಕೆಲಸ ಏನೆಂದು ಮೇಲ್ಮನವಿಯಲ್ಲಿ ಎರಡು ಪ್ಯಾರಾ ಬಿಡಿಸಿ ಬರೆಯಿರಿ. 200 ಲೀಟರಿನ ಬ್ಯಾರೆಲ್ಲಿನಲ್ಲಿ ಡೀಸೆಲ್ಲೇ 165 ಕಿಲೋ ಮೀರುತ್ತದೆ, ತಗಡಿನ ತೂಕ ಬೇರೆ. ಗುಡ್ಡದ ಕಚ್ಚಾ ರಸ್ತೆಯಲ್ಲಿ ದಿನಗಟ್ಟಲೆ ಸ್ಟಿಯರಿಂಗ್ ಹಿಡಿದು ಕೂತವನ ಸೊಂಟಕ್ಕೆ ಗಾಡಿಯ ಪ್ರತಿ ಕುಲುಕಾಟವೂ ತಗಲುತ್ತದೆ. ಕಡತ ನೋಡುವವರು ಇದನ್ನೆಲ್ಲ ಕಣ್ಣಾರೆ ಕಂಡವರಾಗಿರಬೇಕಿಲ್ಲ, ನೀವು ಬರೆದರೆ ಕಾಣುತ್ತದೆ.

ಬೋರ್ಡಿನ ಕಾಗದಕ್ಕೆ ನಿಮ್ಮ ಯಜಮಾನರು ಸಹಿ ಮಾಡಿದ್ದಾರೆಂಬ ಅಳುಕು ಇದ್ದರೆ ಬಿಡಿ. ಆ ಸಹಿಯಿಂದ ಮೇಲ್ಮನವಿಯ ಹಕ್ಕು ಹೋಗುವುದಿಲ್ಲ.

ಮೊದಲ ಮೇಲ್ಮನವಿ ದಾಖಲೆ ಕಚೇರಿಯ ಮೂಲಕ ಸೇನಾ ಮುಖ್ಯಾಲಯದ ಮೊದಲ ಮೇಲ್ಮನವಿ ಸಮಿತಿಗೆ, ಅಲ್ಲೂ ಇಲ್ಲವೆಂದರೆ ಎರಡನೆಯ ಸಮಿತಿಗೆ. ಪ್ರತಿ ಹಂತಕ್ಕೂ ಆರು ತಿಂಗಳ ಗಡುವು. ನಿಮ್ಮದು ಮೀರಿ ವರ್ಷಗಳೇ ಆಗಿವೆ. ಹಾಗೆಂದು ದಾರಿ ಮುಚ್ಚಿಲ್ಲ. ತಡವಾದದ್ದಕ್ಕೆ ನಿಜವಾದ ಕಾರಣ ಬರೆಯಿರಿ: ಮೇಲ್ಮನವಿಯ ವಿಷಯ ತಿಳಿದಿರಲಿಲ್ಲ, ದಾಖಲೆ ಕೈಯಲ್ಲಿರಲಿಲ್ಲ, ನಡೆದಾಡಲು ಆಗುತ್ತಿರಲಿಲ್ಲ, ಏನಿದೆಯೋ ಅದು. ಆರು ತಿಂಗಳು ಕಾದರೂ ಉತ್ತರ ಬರದಿದ್ದರೆ 2007ರ ಕಾಯ್ದೆಯಡಿ ಇರುವ ಸಶಸ್ತ್ರ ಪಡೆಗಳ ನ್ಯಾಯಮಂಡಳಿಗೆ ಹೋಗಬಹುದು. ಅಲ್ಲೂ ವಿಳಂಬ ಮನ್ನಿಸುವ ಅವಕಾಶವಿದೆ. ಪಿಂಚಣಿ ತಪ್ಪುವುದು ಪ್ರತಿ ತಿಂಗಳೂ ಮರುಕಳಿಸುವ ಅನ್ಯಾಯವೆಂದು 2008ರ ತರ್ಸೇಮ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಪರಿಗಣಿಸಿದೆ. ಆದರೆ ತಡಮಾಡಿ ಹೋದವರಿಗೆ ಹಿಂದಿನ ಬಾಕಿಯನ್ನು ಸಾಮಾನ್ಯವಾಗಿ ಅರ್ಜಿ ಹಾಕುವ ಮುಂಚಿನ ಮೂರು ವರ್ಷಕ್ಕೆ ಮಿತಿಗೊಳಿಸುತ್ತಾರೆ. ನೀವು ಮುಂದೂಡುವ ಪ್ರತಿ ತಿಂಗಳೂ ಒಂದು ತಿಂಗಳ ಬಾಕಿ ಕರಗುತ್ತದೆ.

ಇನ್ನೊಂದು ಗಡುವು ಬಹಳ ಜನರಿಗೆ ಗೊತ್ತಿಲ್ಲ. ನಿವೃತ್ತಿಯಾಗಿ 15 ವರ್ಷ ಕಳೆದು, ದಾಖಲೆ ಇಟ್ಟುಕೊಳ್ಳುವ ಅವಧಿ ಮುಗಿದು ಕಡತ ನಾಶವಾದ ಮೇಲೆ ಅರ್ಜಿ ಹಾಕಿದರೆ, ರುಜುವಾತು ಮಾಡುವ ಹೊಣೆ ಸೈನಿಕನ ತಲೆಗೇ ಬರುತ್ತದೆ ಎಂದು 2008ರ ನಿಯಮ ಹೇಳುತ್ತದೆ. ನಿಮಗೆ ಇನ್ನೂ ಸಮಯವಿದೆ. ಅರಸೀಕೆರೆ, ಅರಕಲಗೂಡು ಕಡೆಯ ಹಿರಿಯ ಮಾಜಿ ಸೈನಿಕರು ಇದನ್ನು ಓದುತ್ತಿದ್ದರೆ ಅವರು ಮೊದಲು ತಮ್ಮ ಕಾಗದದ ಪ್ರತಿ ತರಿಸಿಕೊಳ್ಳಲಿ, ಅರ್ಜಿ ಹಾಕುವುದೋ ಬಿಡುವುದೋ ಆಮೇಲೆ.

20 ಪರ್ಸೆಂಟಿಗೆ ಇಷ್ಟೆಲ್ಲ ಓಡಾಟ ಬೇಕೇ ಎಂದು ನಿಮ್ಮವರು ಕೇಳಬಹುದು. ಲೆಕ್ಕ ನೋಡಿ. ನೂರಕ್ಕೆ ನೂರು ವಿಕಲತೆಗೆ ಕೊನೆಯ ವೇತನದ ಶೇ 30 ಸಿಗುತ್ತದೆ, ಕಡಿಮೆ ಇದ್ದರೆ ಅದೇ ಪ್ರಮಾಣದಲ್ಲಿ. ಲೆಕ್ಕಕ್ಕೆ ಹಿಡಿಯುವ ವೇತನ 45,000 ರೂಪಾಯಿ ಎಂದುಕೊಂಡರೆ ಪೂರ್ಣ ದರ 13,500. ಅದರಲ್ಲಿ ಶೇ 20 ಎಂದರೆ 2,700. ಆದರೆ 2001ರ ಜನವರಿ 31ರ ರಕ್ಷಣಾ ಸಚಿವಾಲಯದ ಆದೇಶದಿಂದ ಬ್ರಾಡ್ ಬ್ಯಾಂಡಿಂಗ್ ಬಂತು: ಶೇ 50ಕ್ಕಿಂತ ಕಡಿಮೆ ಇದ್ದದ್ದನ್ನು 50 ಎಂದೂ, 50ರಿಂದ 75ರವರೆಗಿನದನ್ನು 75 ಎಂದೂ, ಅದಕ್ಕೆ ಮೇಲ್ಪಟ್ಟದ್ದನ್ನು 100 ಎಂದೂ ಎಣಿಸಬೇಕು. ಮೊದಲು ಇದನ್ನು ಅನಾರೋಗ್ಯದಿಂದ ಅರ್ಧಕ್ಕೆ ಬಿಡುಗಡೆಯಾದವರಿಗೆ ಮಾತ್ರ ಕೊಡುತ್ತಿದ್ದರು. ಪೂರ್ತಿ ಅವಧಿ ಮುಗಿಸಿ ಬಂದವರಿಗೂ ಸಲ್ಲಬೇಕೆಂದು 2014ರ ಡಿಸೆಂಬರ್ 10ರಂದು ರಾಮ್ ಅವತಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಹಾಗಾಗಿ ನಿಮ್ಮವರ 20 ಎಂಬುದು 50 ಆಗಿ, ತಿಂಗಳಿಗೆ 6,750 ರೂಪಾಯಿ, ಅದರ ಮೇಲೆ ತುಟ್ಟಿಭತ್ಯೆ. ಈಗಿನ ಸೇವಾ ಪಿಂಚಣಿಯ ಜೊತೆಗೆ, ಜೀವಮಾನವಿಡೀ. ಮೇಲ್ಮನವಿಯ ಕೊನೆಯಲ್ಲಿ ಬ್ರಾಡ್ ಬ್ಯಾಂಡಿಂಗ್ ಬೇಕೆಂದು ಪ್ರತ್ಯೇಕ ಸಾಲು ಬರೆಯಿರಿ. ಬರೆಯದೆ ಬಿಟ್ಟವರು ಬರೀ 20ರ ದುಡ್ಡು ಪಡೆದು ಮತ್ತೊಂದು ಸುತ್ತು ಅಲೆದದ್ದನ್ನು ಕಂಡಿದ್ದೇನೆ.

ನೋವು ಈಗ ಹೆಚ್ಚಾಗಿದೆಯಲ್ಲ, ಪರ್ಸೆಂಟೇಜ್ ಏರಿಸಿ ಎಂದು ಈಗಲೇ ಕೇಳಬೇಡಿ. ಸೇವೆಯ ನಂಟು ಒಪ್ಪಿಗೆಯಾದ ಮೇಲೆ ಮರುಪರೀಕ್ಷೆಯ ಬೋರ್ಡು ಕೇಳಬಹುದು. ಎರಡನ್ನೂ ಒಟ್ಟಿಗೆ ಕೇಳಿದರೆ ಗಟ್ಟಿ ವಾದ ಸಡಿಲಾಗುತ್ತದೆ.

ನಿಮ್ಮ ಅಕ್ಕನ ಮಗನ ವಿಷಯ ಬೇರೆ. ಅಗ್ನಿವೀರರಿಗೆ ತಿಂಗಳ ಡಿಸೆಬಿಲಿಟಿ ಪಿಂಚಣಿ ಇಲ್ಲ. ಸೇವೆಯಿಂದ ಬಂದ ಅಥವಾ ಉಲ್ಬಣಿಸಿದ ವಿಕಲತೆಗೆ ಒಂದೇ ಗಂಟಿನ ಪರಿಹಾರ: ಶೇ 100ಕ್ಕೆ 44 ಲಕ್ಷ, 75ಕ್ಕೆ 25 ಲಕ್ಷ, 50ಕ್ಕೆ 15 ಲಕ್ಷ ರೂಪಾಯಿ. ಅವನಿಗೂ ಆ ‘ಸೇವೆಯಿಂದ’ ಎಂಬ ಮಾತೇ ಮುಖ್ಯ. ಬಿದ್ದರೆ, ಏಟಾದರೆ, ಅವತ್ತೇ ರಿಪೋರ್ಟ್ ಮಾಡಿಸಿ ಪ್ರತಿಯ ಫೋಟೋ ಮನೆಗೆ ಕಳಿಸಲು ಹೇಳಿ. ಹುಡುಗರು ನಾಚಿಕೆಗೆ ಸುಮ್ಮನಿದ್ದುಬಿಡುತ್ತಾರೆ. ರಜೆಯಲ್ಲಿ ಊರಿಗೆ ಬಂದು ಬೈಕಿನಿಂದ ಬಿದ್ದರೆ ಸೇವೆಯ ನಂಟು ತೋರಿಸುವುದು ಬಹಳ ಕಷ್ಟ, ಅದನ್ನೂ ಅವನಿಗೆ ತಿಳಿಸಿ.

ಇನ್ನು ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಆ ಕಾಲಿನ ಜೋಮು. ನಾನು ವೈದ್ಯನಲ್ಲ, ಆದರೆ ಇಷ್ಟು ವರ್ಷ ಈ ಕಾಗದಗಳನ್ನು ಓದಿದ್ದೇನೆ. ಪಾದ ಎತ್ತಲಾಗದೆ ಎಳೆದು ನಡೆಯುವಂತಾದರೆ, ತೊಡೆಸಂದಿ ಮತ್ತು ಕೂರುವ ಭಾಗದಲ್ಲಿ ಸ್ಪರ್ಶ ತಿಳಿಯದಿದ್ದರೆ, ಮೂತ್ರ ಕಟ್ಟಿದರೆ ಅಥವಾ ಹಿಡಿತ ತಪ್ಪಿದರೆ, ಬೆಳಗಾಗಲಿ ಎಂದು ಕಾಯದೆ ಆ ಗಳಿಗೆಯೇ ದೊಡ್ಡಾಸ್ಪತ್ರೆಗೆ ಕರೆದೊಯ್ಯಿರಿ. ಬೆನ್ನಿನ ಕೆಳಗಿನ ನರಗಳ ಕಂತೆ ಒತ್ತಿಹೋದರೆ ಕೆಲವು ಗಂಟೆಗಳ ತಡವೂ ಕಾಲನ್ನೇ ಕಸಿದುಕೊಳ್ಳಬಹುದು. ಸದ್ಯಕ್ಕೆ ಮಾಜಿ ಸೈನಿಕರ ಆರೋಗ್ಯ ಯೋಜನೆಯಾದ ಇಸಿಎಚ್‌ಎಸ್ ಕಾರ್ಡು ತೆಗೆದುಕೊಂಡು ಹಾಸನದ ಪಾಲಿಕ್ಲಿನಿಕ್ಕಿಗೆ ಹೋಗಿ ನರ ಅಥವಾ ಮೂಳೆ ತಜ್ಞರಿಗೆ ರೆಫರಲ್ ಬರೆಸಿಕೊಳ್ಳಿ. ಈ ವರ್ಷ ಮೆಣಸನ್ನು ಆಳಿಟ್ಟು ಕುಯ್ಯಿಸಿ. ಖರ್ಚಾಗುತ್ತದೆ, ಗೊತ್ತು. ಆದರೆ ಅವರು ಏಣಿ ಮುಟ್ಟುವುದು ಬೇಡ.

ಮಾಹಿತಿ ಹಕ್ಕಿನ ಅರ್ಜಿಯನ್ನು ಈ ವಾರವೇ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ರಸೀದಿಯನ್ನು ಡಿಸ್ಚಾರ್ಜ್ ಬುಕ್ಕಿನೊಳಗೇ ಇಡಿ. ಕಾಗದ ಬಂದ ಮೇಲೆ ಎಎಫ್‌ಎಂಎಸ್‌ಎಫ್-16ರ ಆ ಕಾಲಂನಲ್ಲಿ ಏನು ಬರೆದಿದ್ದಾರೆಂದು ಅಕ್ಷರ ಬಿಡದೆ ನನಗೆ ಬರೆದು ಕಳಿಸಿ. ಮೇಲ್ಮನವಿಯ ಒಕ್ಕಣೆ ಅದನ್ನು ನೋಡಿಯೇ ಬರೆಯಬೇಕು.